ಸರದಾರನಿಗೆ ಕೊಡದ ವೀಳ್ಯ

ನನ್ನ ಬಾಯಿಯ ವಿಷಯ ತೀರ್ಥಹಳ್ಳಿ ಕೋರ್ಟಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎದುರು ಕಡೆಯ ವಕೀಲ ಒಂದು ಮಾತಾಡಿದರೆ ನಾನು ಹತ್ತು ಆಡದೆ ಕೂರುವವನಲ್ಲ. ಗೆದ್ದೇ ಆಗಿರುವ ಕೇಸಿನಲ್ಲೂ ಇನ್ನಷ್ಟು ಮಾತಾಡಿ, ನ್ಯಾಯಾಧೀಶರಿಂದ "ಸಾಕು, ಕೂತ್ಕೊಳ್ಳಿ" ಅನ್ನಿಸಿಕೊಂಡವನು. "ಕೋರ್ಟಿಗೆ ಬೇಸಿಗೆ ರಜೆ ಕೊಡ್ತಾರೆ, ಇವರ ಬಾಯಿಗೆ ಯಾರೂ ಕೊಡಲ್ಲ" ಎಂದು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಇಷ್ಟು ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ. ಈಗ ಯಾರಾದರೂ ನನ್ನ ಮಾತನ್ನು ಹೊಗಳಿದರೆ ಅಲ್ಲಿಂದ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ.

ಇಂಥ ಬಾಯಿ ಇರುವವನಿಗೆ ನಮ್ಮ ಸೀಮೆಯಲ್ಲಿ ಕೋರ್ಟು ಬಿಟ್ಟರೆ ಇನ್ನೊಂದೇ ಜಾಗ, ತಾಳಮದ್ದಳೆ. ಯಕ್ಷಗಾನದ ಕಥೆಯೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯ ಹಾಕಿಕೊಂಡು ಸಾಲಾಗಿ ಕೂರುವುದು. ಭಾಗವತರು ಒಂದು ಪದ ಹಾಡುತ್ತಾರೆ, ಆ ಪದದ ಪಾತ್ರವಾಗಿ ನಾವು ಮಾತಾಡುತ್ತೇವೆ. ಆ ಮಾತಿಗೆ ಅರ್ಥ ಎಂದೇ ಹೆಸರು. ಅದನ್ನು ಬರೆದುಕೊಳ್ಳುವಂತಿಲ್ಲ, ಬಾಯಿಪಾಠ ಮಾಡುವಂತಿಲ್ಲ, ಅಲ್ಲೇ ಆಗಲೇ ಹುಟ್ಟಬೇಕು. ಎದುರಿನವನು ಕೇಳಿದ್ದಕ್ಕೆ ಉತ್ತರ ಕೊಡಬೇಕು, ಕೊಟ್ಟ ಉತ್ತರಕ್ಕೆ ಅವನು ಮತ್ತೆ ಕೇಳಬೇಕು. ಎಳೆದದ್ದು ಸಾಕು ಅನ್ನಿಸಿದಾಗ ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತಿಕೊಳ್ಳುತ್ತಾರೆ. ತಾಳ ಬಿತ್ತೆಂದರೆ ಎಂಥ ಅರ್ಥಧಾರಿಯೂ ಬಾಯಿ ಮುಚ್ಚಬೇಕು. ಅದು ಕಟ್ಟಳೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನ ಹವ್ಯಾಸಿಗಳು ಸೇರಿ ನಮ್ಮದೊಂದು ಸಂಘ. ಭಾಗವತರು ಸಾಗರದ ಕಡೆಯ ಹಿರಿಯರು, ನಾನು ತೀರ್ಥಹಳ್ಳಿಯವನು. ಪುರಾಣದ ಪ್ರಸಂಗಗಳ ನಡುವೆ ನಮಗೇ ಆದ ಒಂದು ಪ್ರಸಂಗ ಇತ್ತು. ಸಾಗರದಲ್ಲಿ ಮೇಷ್ಟರಾಗಿದ್ದವರೊಬ್ಬರು ತಮ್ಮ ಅಜ್ಜಿ ಹೇಳುತ್ತಿದ್ದ ಕಥೆಯನ್ನು ಪದಗಳಾಗಿ ಕಟ್ಟಿದ್ದು. ಕೆಳದಿಯ ಅರಸನ ಆಸ್ಥಾನಕ್ಕೆ ಸಮುದ್ರದಾಚೆಯಿಂದ ಒಬ್ಬ ಕುದುರೆ ಸವಾರ ಬರುತ್ತಾನೆ. ಮಾರಲು ತಂದ ಕುದುರೆಗಳ ಜೊತೆ ಬಂದವನು ಹಿಂದಿರುಗುವ ಹಡಗು ಹತ್ತುವುದಿಲ್ಲ. ಸರದಾರನಾಗುತ್ತಾನೆ. ವರ್ಷಗಟ್ಟಲೆ ಅರಸನಿಗಾಗಿ ಕತ್ತಿ ಹಿಡಿಯುತ್ತಾನೆ. ಒಂದು ದಿನ, ಈ ಪರದೇಶಿ ಕಡಲ ತೀರದ ಶತ್ರುಗಳ ಜೊತೆ ಸೇರಿದ್ದಾನೆ ಎಂದು ಯಾರೋ ಅರಸನ ಕಿವಿಗೆ ಊದುತ್ತಾರೆ. ಅರಸ ತುಂಬಿದ ಸಭೆಯಲ್ಲಿ ಅವನನ್ನು ಪ್ರಶ್ನೆ ಮಾಡುತ್ತಾನೆ. ಕೊನೆಗೆ ಅನುಮಾನ ತೀರಿ, "ನೀನು ನಮ್ಮವನು" ಎಂದು ತನ್ನ ಕೈಯಾರೆ ವೀಳ್ಯ ಕೊಟ್ಟು ಘಾಟಿ ಕಾಯಲು ಕಳಿಸುತ್ತಾನೆ. ಮೇಗರವಳ್ಳಿಯಾಚೆಯ ಕಾಡಿನಲ್ಲಿ ಒಬ್ಬನೇ ದಾರಿ ತಡೆದು ನಿಂತು ಸರದಾರ ಸಾಯುತ್ತಾನೆ. ಸಾಯುವ ಮುಂಚೆ ಅವನದೊಂದು ದೊಡ್ಡ ಅರ್ಥ ಇದೆ, ಅಲ್ಲಿಗೆ ಮಂಗಳ.

ಅರಸ ನಾನು. ಆ ಪಾತ್ರವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನೇ ಅಲ್ಲ. ಸರದಾರ ನಮ್ಮ ಚೇಟ.

ಚೇಟ ಹೊಸನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಅವನು ಚಿಕ್ಕವನಿದ್ದಾಗ ಅವನ ಅಪ್ಪ ಕೇರಳದಿಂದ ಬಂದು ಇಲ್ಲಿ ಜಮೀನು ಮಾಡಿದವರು. ಮಲಯಾಳದವರನ್ನೆಲ್ಲ ನಾವು ಚೇಟ ಅನ್ನುವುದು ರೂಢಿ, ಇವನಿಗೆ ಅದೇ ಹೆಸರಾಗಿ ನಿಂತಿತು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿ, ಮಧ್ಯಾಹ್ನ ತಾಳಮದ್ದಳೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಒಂದು ದಿನ ಮೈಕು ಕೆಟ್ಟಾಗ ಎದ್ದು ಬಂದು ಸರಿಮಾಡಿದ. ಅವತ್ತಿನಿಂದ ಮೈಕು ಅವನ ಪಾಲಿಗೆ ಬಂತು. ಸ್ವಲ್ಪ ಕಾಲ ಕಳೆದ ಮೇಲೆ ಹೆದರುತ್ತಾ ನನ್ನ ಹತ್ತಿರ ಬಂದು, "ವಕೀಲ್ರೆ, ನಂಗೂ ಒಂದ್ ಪಾತ್ರ ಕೊಡ್ತೀರಾ? ಸಣ್ಣದಾದ್ರೂ ಸಾಕು" ಎಂದ.

ನಾನು ನಕ್ಕೆ. ಪರದೇಶಿ ಸರದಾರನ ಪಾತ್ರಕ್ಕೆ ಯಾರೂ ಸಿಗುತ್ತಿರಲಿಲ್ಲ, ಅರ್ಧ ಪ್ರಸಂಗ ಅರಸನಿಂದ ಬೈಸಿಕೊಳ್ಳುವ ಪಾತ್ರ ಯಾರಿಗೆ ಬೇಕು? "ಸರದಾರ ಮಾಡು ಮಾರಾಯ, ನಿಂಗೆ ಹೇಳಿ ಮಾಡ್ಸಿದ ಹಾಗಿದೆ. ಅವನೂ ಹೊರಗಿನವನು, ನೀನೂ ಹೊರಗಿನವನು" ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. ಚೇಟನೂ ನಕ್ಕ.

ಮೊದಲ ದಿನ ಅವನು ತನ್ನ ಮಾತನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಬಂದಿದ್ದ. ದುಂಡಗಿನ ಅಕ್ಷರ, ಅಲ್ಲಲ್ಲಿ ಹೊಡೆದು ತಿದ್ದಿದ್ದು. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಎಲ್ಲರೆದುರು ಹರಿದು ಹಾಕಿದೆ. "ಬರ್ಕೊಂಡು ಬಂದಿದ್ದು ಅರ್ಥ ಅಲ್ಲ ಚೇಟ, ಅದು ಭಾಷಣ" ಎಂದೆ. ಅವನ ಮುಖ ಇಷ್ಟು ಸಣ್ಣದಾಯಿತು. ಆಮೇಲೆಂದೂ ಅವನು ಬರೆದುಕೊಂಡು ಬರಲಿಲ್ಲ. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಬಾಯಲ್ಲೇ ಏನೋ ಮಣಮಣ ಅನ್ನುತ್ತಿರುತ್ತಾನೆ, ಗಿರಾಕಿಗಳು ಜಪ ಮಾಡ್ತಿದಾನೆ ಅಂದುಕೊಂಡಿದ್ದಾರೆ ಎಂದು ಆಮೇಲೆ ಯಾರೋ ಹೇಳಿದರು.

ಅವನೇನು ದೊಡ್ಡ ಅರ್ಥಧಾರಿಯಲ್ಲ. ಇದನ್ನು ಹೇಳಲೇಬೇಕು, ಇಲ್ಲವಾದರೆ ಈಗ ಪಶ್ಚಾತ್ತಾಪಕ್ಕೆ ಅವನನ್ನು ಅಟ್ಟಕ್ಕೇರಿಸಿದ ಹಾಗಾಗುತ್ತದೆ. ಮಾತು ನಿಧಾನ. ಹಠಾತ್ತನೆ ಪ್ರಶ್ನೆ ಎಸೆದರೆ ತಡವರಿಸುತ್ತಿದ್ದ. ಆದರೆ ಸಂಘಕ್ಕೆ ಅವನಷ್ಟು ನಿಯತ್ತಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನ ಓಮ್ನಿಯಲ್ಲೇ ನಾವೆಲ್ಲ ಊರೂರು ಸುತ್ತಿದ್ದು. ಸೇತುವೆ ಆಗುವುದಕ್ಕೆ ಮುಂಚೆ ಒಮ್ಮೆ ಹಿನ್ನೀರಿನಾಚೆಯ ತುಮರಿಯಲ್ಲಿ ಕಾರ್ಯಕ್ರಮ. ಲಾಂಚಿಗೆ ವಾಹನಗಳ ಸಾಲು ನಿಂತಿತ್ತು, ಓಮ್ನಿ ಹತ್ತಿಸಲು ಜಾಗವಿಲ್ಲ. ಚೇಟ ಆಂಪ್ಲಿಫೈಯರನ್ನು ಹೆಗಲ ಮೇಲೆ ಹೊತ್ತು, ಸ್ಪೀಕರನ್ನು ಕಂಕುಳಲ್ಲಿಟ್ಟು ಲಾಂಚಿನಲ್ಲಿ ಉದ್ದಕ್ಕೂ ನಿಂತೇ ಬಂದ. ನಾನು ಬೆಂಚಿನ ಮೇಲೆ ಕೂತು, "ಸರದಾರ, ಕುದುರೆ ಎಲ್ಲಿ ಬಿಟ್ಟೆ?" ಎಂದು ಚಾಷ್ಟಿ ಮಾಡುತ್ತಿದ್ದೆ. "ಕುದುರೇನ ದಡದಲ್ಲಿ ಪಾರ್ಕ್ ಮಾಡಿದೀನಿ ಪ್ರಭು" ಎಂದ.

ಒಮ್ಮೆ ಕೆಳದಿಗೂ ಹೋಗಿದ್ದೆವು, ಅವನು ಹಟ ಮಾಡಿ ಕರೆದುಕೊಂಡು ಹೋದ. ದೇವಸ್ಥಾನ ನೋಡಿ, ಮ್ಯೂಸಿಯಂ ಪೂರ್ತಿ ಸುತ್ತಿದ. ಸರದಾರನದ್ದು ಅಂತ ಒಂದು ಕತ್ತಿಯಾದರೂ, ಒಂದು ಕಲ್ಲಾದರೂ ಇದೆಯಾ ಎಂದು ಅಲ್ಲಿಯವರನ್ನು ಕೇಳಿದ. ಅಂಥವನ ಹೆಸರೇ ಕೇಳಿಲ್ಲ ಅಂದರು. "ನೋಡು, ಸಾಕ್ಷಿ ಇಲ್ಲ, ಕೇಸು ವಜಾ. ಅಜ್ಜಿ ಕಥೆಗೆ ಇಷ್ಟು ತಲೆ ಕೆಡಿಸ್ಕೋತೀಯಲ್ಲ" ಎಂದು ನಾನು ಕೈಕೊಡವಿದೆ. ಅವನು ಚಪ್ಪಲಿ ಹಾಕಿಕೊಳ್ಳುತ್ತಾ, "ಇಲ್ದಿದ್ರೆ ಏನ್ ವಕೀಲ್ರೆ? ನಾನ್ ಇದೀನಲ್ಲ" ಎಂದ.

ಈ ಪ್ರಸಂಗಕ್ಕೆ ಮಾತ್ರ ನಮ್ಮ ಸಂಘದಲ್ಲಿ ಒಂದು ರೂಢಿ. ತಾಳಮದ್ದಳೆಯಲ್ಲಿ ಸಾಮಾನು ಸರಂಜಾಮು ಏನೂ ಇರುವುದಿಲ್ಲ, ಕತ್ತಿ ಎಂದರೆ ಕತ್ತಿ, ಕುದುರೆ ಎಂದರೆ ಕುದುರೆ. ಆದರೆ ಇದರಲ್ಲಿ ವೀಳ್ಯವನ್ನು ನಿಜವಾಗಿಯೇ ಕೊಡುತ್ತೇವೆ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟಿರುತ್ತದೆ. ಪದ ಮುಗಿದೊಡನೆ ನಾನು ಎತ್ತಿ ಚೇಟನ ಕೈಗಿಡಬೇಕು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿ ಜೇಬಿಗೆ ಹಾಕುತ್ತಿದ್ದ. ಅಲ್ಲಿಗೆ ಅರಸನ ಕೆಲಸ ಮುಗಿಯಿತು. ನಾನು ಕುರ್ಚಿಯಿಂದ ಎದ್ದು, ಶಲ್ಯ ಹೆಗಲಿಗೆಸೆದು, ಟೀ ಕುಡಿಯಲು ಹೊರಗೆ ಹೋಗುತ್ತಿದ್ದೆ. ಮೆಚ್ಚಿದವರು ನಾಲ್ಕು ಜನ ಹಿಂದೆ ಬರುತ್ತಿದ್ದರು. ಟೀ ಮುಗಿಸಿ, ಎಲೆ ಹಾಕಿ, ಇವತ್ತಿನ ವಾದ ಹೇಗಿತ್ತು ಎಂದು ನನ್ನದನ್ನೇ ನಾನು ಚಪ್ಪರಿಸುವಷ್ಟರಲ್ಲಿ ಒಳಗಿನಿಂದ ಮಂಗಳ ಕೇಳಿಸುತ್ತಿತ್ತು. ಪ್ರತಿ ಸಲವೂ ಹೀಗೇ.

ಹೋದ ವರ್ಷ ಚೇಟನ ದನಿ ಒಡೆಯತೊಡಗಿತು. ಶೀತ ಅಂದುಕೊಂಡೆವು. ಕಷಾಯ ಕುಡಿ, ಜ್ಯೇಷ್ಠಮಧು ಕಚ್ಚು ಎಂದು ಒಬ್ಬೊಬ್ಬರು ಒಂದೊಂದು ಹೇಳಿದೆವು. ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಬಂದವನು ನೇರ ತೀರ್ಥಹಳ್ಳಿಯ ನನ್ನ ಆಫೀಸಿಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಗೊಗ್ಗರು ದನಿಯಲ್ಲಿ, ಮೋಟಾರಿನ ಯಾವುದೋ ಭಾಗದ ವಿಷಯ ಹೇಳುವ ಹಾಗೆ ಹೇಳಿದ: "ಗಂಟ್ಲಲ್ಲಿ ಗಡ್ಡೆ ವಕೀಲ್ರೆ. ಒಳ್ಳೇದಲ್ಲ. ದನಿ ಪೆಟ್ಟಿಗೆನೇ ತೆಗೀಬೇಕಂತೆ. ತೆಗೆದ್ರೆ ಜೀವ ಉಳಿಯತ್ತಂತೆ, ಮಾತು ಇರಲ್ಲ."

ನಾನು ಮುಂದಿದ್ದ ಕೇಸಿನ ಫೈಲು ಮುಚ್ಚಿ ಪಕ್ಕಕ್ಕಿಟ್ಟೆ.

"ಅದಕ್ಕಿಂತ ಮೊದ್ಲು ಒಂದ್ಸಲ ಸರದಾರ ಮಾಡ್ಬೇಕು" ಎಂದ. "ನನ್ನ ಹೆಂಡ್ತಿ ಒಂದ್ಸಲಾನೂ ಕೇಳಿಲ್ಲ. ಚೆನ್ನಾಗ್ ಕಲ್ತ ಮೇಲೆ ಬಾ ಅಂತ ನಾನೇ ತಡೀತಿದ್ದೆ. ಈಗ ಕೇಳ್ಬೇಕು ಅಂತಾಳೆ. ಆ ಕೊನೇ ಅರ್ಥ ಇದೆಯಲ್ಲ, ಘಾಟಿಲಿ ಬಿದ್ದಾಗಿಂದು, ಅದೊಂದು ಅವಳ ಕಿವಿಗೆ ಬಿದ್ರೆ ಸಾಕು."

ಒಪ್ಪಿದೆ. ಒಪ್ಪದೆ ಏನು? ಆಪರೇಷನ್ನಿಗೆ ಮುಂಚಿನ ಭಾನುವಾರ ಮಧ್ಯಾಹ್ನ, ಹೊಸನಗರದಲ್ಲೇ ಎಂದು ಗೊತ್ತಾಯಿತು. ಡಾಕ್ಟರು ಅವನಿಗೆ ಹೇಳಿದ್ದರಂತೆ, ದನಿಗೆ ವಿಶ್ರಾಂತಿ ಕೊಟ್ಟರೆ ಸ್ವಲ್ಪ ಹೊತ್ತಿಗಾಗುವಷ್ಟು ಬರಬಹುದು ಎಂದು. ಚೇಟ ಅವತ್ತಿನಿಂದಲೇ ಮಾತು ನಿಲ್ಲಿಸಿಬಿಟ್ಟ. ಗಿರಾಕಿಗಳಿಗೆ ಕೈಸನ್ನೆ. ಹೆಂಡತಿಗೆ ಕೈಸನ್ನೆ. ಹೊರ ಊರಿನಲ್ಲಿರುವ ಮಗಳು ಫೋನು ಮಾಡಿದರೆ ಕಿವಿಗಿಟ್ಟುಕೊಂಡು ಸುಮ್ಮನೆ ಕೇಳುತ್ತಿದ್ದನಂತೆ, ಆ ಕಡೆಯಿಂದ ಅವಳು ಅತ್ತರೂ ಬಾಯಿ ಬಿಡಲಿಲ್ಲವಂತೆ. ದಿನದಿನವೂ ಉಳಿಸಿಟ್ಟ ದನಿ ಅದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾವ ದೇವರ ಮುಂದೂ ನಾನು ಹೇಳುವಂತಿಲ್ಲ.

ಶುರುವಾಗುವ ಮುಂಚೆ ನಾನೇ ಅವನ ಹೆಗಲು ತಟ್ಟಿ ಹೇಳಿದೆ. "ಸಭೇಲಿ ನಿನ್ನನ್ನ ಎಳೆಯಲ್ಲ ಚೇಟ. ಎರಡೇ ಮಾತು, ಆಮೇಲೆ ವೀಳ್ಯ. ದನಿ ಎಲ್ಲಾ ಕೊನೆಗೆ ಇಟ್ಕೋ." ಅವನು ತಲೆಯಾಡಿಸಿದ. ಮುಂದಿನಿಂದ ಎರಡನೇ ಸಾಲಿನಲ್ಲಿ ಅವನ ಹೆಂಡತಿ, ಮಗಳು. ಹೆಂಡತಿ ಚರ್ಚಿಗೆ ಉಡುವ ಒಳ್ಳೆ ಸೀರೆ ಉಟ್ಟು, ಮಡಿಲಲ್ಲಿ ಕೈ ಜೋಡಿಸಿಟ್ಟು ಕೂತಿದ್ದರು.

ಹಾಳಾದ್ದು ಮೊದಲ ಸಾಲು. ಅಲ್ಲಿ ಕರಾವಳಿಯ ದೊಡ್ಡ ಅರ್ಥಧಾರಿಯೊಬ್ಬರು ಬಂದು ಕೂತಿದ್ದರು. ಯಾರ ಮದುವೆಗೋ ಬಂದವರು, ನಮ್ಮದಿದೆ ಎಂದು ತಿಳಿದು ಬಂದರಂತೆ. ನಾನು ಹುಡುಗನಾಗಿದ್ದಾಗ ಅವರ ಅರ್ಥ ಕೇಳಲು ಸೈಕಲ್ಲು ತುಳಿದುಕೊಂಡು ಹೋದವನು. ಅವರು ನನ್ನ ಮೊದಲ ಮಾತಿಗೇ "ಆಹಾ" ಎಂದು ತೊಡೆ ತಟ್ಟಿದರು. ಅಲ್ಲಿಗೆ ನನ್ನ ತಲೆ ನಿಂತ ಕಡೆ ನಿಲ್ಲಲಿಲ್ಲ.

"ಸರದಾರ" ಎಂದೆ, ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು. "ಹುಟ್ಟಿದ ನೆಲವನ್ನು ಬಿಟ್ಟು ಬಂದವನು ನೀನು. ಹೆತ್ತ ಮಣ್ಣಿಗೇ ನಿಷ್ಠನಾಗದವನು, ನನ್ನ ಮಣ್ಣಿಗೆ ನಿಷ್ಠನೆಂದು ಹೇಗೆ ನಂಬಲಿ?"

ಹಿಂದೆಂದೂ ಕೇಳದ ಪ್ರಶ್ನೆ. ಚೇಟ ನನ್ನ ಮುಖ ನೋಡಿದ. ಎಲ್ಲರೂ ಕಾದರು. ಆಮೇಲೆ ಅವನ ದನಿ ಬಂತು, ಒರಟಾಗಿ, ಆದರೆ ಸ್ಪಷ್ಟವಾಗಿ. "ಪ್ರಭು, ತವರು ಬಿಟ್ಟು ಬಂದ ಸೊಸೆಯನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ದೇವರ ಮುಂದೆ ದೀಪ ಹಚ್ಚುವ ಕೆಲಸವನ್ನೇ ಅವಳಿಗೆ ಒಪ್ಪಿಸುತ್ತಾರೆ."

ಅಬ್ಬಾ, ಎಂಥ ಚಪ್ಪಾಳೆ! ಅವನಿಗೆ ಹಾಗೆ ಚಪ್ಪಾಳೆ ಬಿದ್ದದ್ದೇ ಇಲ್ಲ. ಕರಾವಳಿಯ ಹಿರಿಯರು ನನ್ನ ಕಡೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದರು. ನಾನು ಅಲ್ಲಿಗೆ ಬಿಡಬೇಕಿತ್ತು. ತಟ್ಟೆ ನನ್ನ ಮೊಣಕೈ ಹತ್ತಿರವೇ ಇತ್ತು. ಎಲೆ ಎತ್ತಿ ಕೊಟ್ಟಿದ್ದರೆ ಆ ದಿನ ಚೇಟನದಾಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನೇ ನನಗೆ ಸಹಿಸಲಾಗಲಿಲ್ಲ.

"ಸೊಸೆಯನ್ನು ನಾವು ಹೆಣ್ಣು ಕೇಳಿ, ದಿಬ್ಬಣ ಹೋಗಿ, ಕರೆದು ತಂದೆವು" ಎಂದೆ. "ನಿನ್ನನ್ನು ಕರೆದವರು ಯಾರು?"

ಸಭೆ ಹೋ ಎಂದಿತು. ನಗುವೂ ಸೇರಿತ್ತು ಅದರಲ್ಲಿ. ಸರದಾರನನ್ನು ನೋಡಿ ನಕ್ಕದ್ದಲ್ಲ, ಮಲಯಾಳದ ಚೇಟನನ್ನು ನೋಡಿ ನಕ್ಕದ್ದು. ನನಗದು ಕೇಳಿಸಿತು, ಕೇಳಿಸಿ ಖುಷಿಯೂ ಆಯಿತು. ಚೇಟ ಒಮ್ಮೆ ಉಗುಳು ನುಂಗಿದ. "ಕರೆಯದೆ ಬಂದೆ, ನಿಜ" ಎಂದ. ದನಿ ಅರ್ಧಕ್ಕೆ ಒಡೆಯಿತು, ಮತ್ತೆ ಹಿಡಿದುಕೊಂಡ. "ಹೋಗು ಎಂದಾಗಲೂ ಹೋಗಲಿಲ್ಲ, ಪ್ರಭು."

ಭಾಗವತರು ತಾಳ ತಟ್ಟಿದರು. ವೀಳ್ಯದ ಪದ ಎತ್ತಿಕೊಂಡರು. ಆಗ ನಾನು ಅವರ ಕಡೆ ಕೈ ಎತ್ತಿದೆ, ತಡೆಯಿರಿ ಎಂದು. ಇಷ್ಟು ವರ್ಷದಲ್ಲಿ ಯಾರ ಪದಕ್ಕೂ ನಾನು ಹಾಗೆ ಕೈ ಅಡ್ಡ ಹಿಡಿದಿರಲಿಲ್ಲ. ಪದ ನಿಂತಿತು, ಮದ್ದಳೆ ನಿಂತಿತು.

"ಕೊನೆಯದೊಂದು ಹೇಳು ಸರದಾರ. ನಾಳೆ ನೀನು ಘಾಟಿಯಲ್ಲಿ ಬಿದ್ದರೆ, ನಿನ್ನ ಮುಖ ಯಾವ ಕಡೆಗೆ ತಿರುಗಿರುತ್ತದೆ? ನಿನ್ನ ಕಡಲಿನ ಕಡೆಗೋ, ನನ್ನ ಸಿಂಹಾಸನದ ಕಡೆಗೋ?"

ಚೇಟ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದ. ಮೈಕಿನಲ್ಲಿ ಬರೀ ಉಸಿರಿನ ಸದ್ದು. ಸೋತ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ನಾನೂ ಹಾಗೇ ತಿಳಿದು, "ಉತ್ತರವಿಲ್ಲವೇ?" ಎಂದು ಇನ್ನೊಂದು ಪೆಟ್ಟು ಹಾಕಿದೆ. ಆಮೇಲೆ ಅವನ ಕೈ ಗಂಟಲಿನ ಮೇಲೆ ಇರುವುದು ಕಂಡಿತು. ಕಣ್ಣಲ್ಲಿ ನೀರು ತುಂಬಿತ್ತು, ನೋವಿಗೋ ಏನೋ. ಎರಡನೇ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದರು. ಭಾಗವತರು ಒಂದು ಕ್ಷಣ ಕಾದರು, ಅವನು ಬೇಡ ಎಂದು ತಲೆಯಾಡಿಸಿದ ಮೇಲೆ ನೇರ ಮಂಗಳ ಹಾಡಿಬಿಟ್ಟರು. ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು.

ಅವನ ಹತ್ತಿರ ಹೋಗೋಣ ಎಂದು ಎದ್ದೆ. ಕರಾವಳಿಯ ಹಿರಿಯರು ಅಡ್ಡ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಹೊಗಳತೊಡಗಿದರು. ನಾನು ನಿಂತು ಕೇಳಿದೆ. ಅವರಿಂದ ಬಿಡಿಸಿಕೊಂಡು ತಿರುಗಿದಾಗ ಓಮ್ನಿ ಹೊರಟುಹೋಗಿತ್ತು, ಮಗಳು ಓಡಿಸುತ್ತಿದ್ದಳಂತೆ. ಮೈಕು, ಆಂಪ್ಲಿಫೈಯರು ವೇದಿಕೆಯ ಮೇಲೇ ಇದ್ದವು. ಅವನು ಅವುಗಳನ್ನು ಬಿಟ್ಟು ಹೋದದ್ದು ಅದೇ ಮೊದಲು.

ಸಂಜೆಯೊಳಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಂತು. "ನಿನ್ನನ್ನು ಕರೆದವರು ಯಾರು" ಅನ್ನುವ ತುಣುಕು. ಕೆಳಗೆ ಚಪ್ಪಾಳೆ, ಬೆಂಕಿ, ಏನೇನೋ ಚಿತ್ರ. "ವಕೀಲರ ಮುಂದೆ ಚೇಟ ಥಂಡಾ" ಎಂದು ಒಬ್ಬ ಪುಣ್ಯಾತ್ಮ. ಆ ಗುಂಪಿನಲ್ಲಿ ಚೇಟನೂ ಇದ್ದಾನೆ. ಅವನೂ ನೋಡಿಯೇ ಇರುತ್ತಾನೆ.

ಮಾರನೆಯ ದಿನ ಭಾಗವತರಿಗೆ ಫೋನು ಮಾಡಿದೆ. ಎರಡು ಸಮಾಧಾನದ ಮಾತು ಸಿಗಬಹುದು ಎಂಬ ಆಸೆ. ಅವರು ತಮ್ಮ ಕಡೆಯ ಮನೆಮಾತಿನಲ್ಲೇ ಹಿಡಿದು ಜಾಡಿಸಿದರು. "ಆನು ಪದ ಎತ್ತಿದಿ, ನೀ ಕೈ ಎತ್ತಿದೆ. ಎನ್ನ ತಾಳಕ್ಕೆ ಅಡ್ಡ ಕೈ ಹಿಡದವ ನೀ ಒಬ್ಬನೇಯ. ಎಂತಕ್ಕೆ ಹಂಗೆ ಮಾಡಿದೆ ಮಾರಾಯ? ಅಂವಂಗೆ ದನಿ ಇಲ್ಲೆ ಹೇಳಿ ನಿಂಗೆ ಗೊತ್ತಿದ್ದಿಲ್ಲೆಯ?"

"ತಪ್ಪಾಯ್ತು" ಎಂದೆ. ಕೇಳಬಾರದಿತ್ತೇನೋ, ಕೇಳಿದೆ. "ಆ ಕೊನೇ ಅರ್ಥದಲ್ಲಿ ಅವನು ಏನ್ ಹೇಳ್ತಿದ್ದ?"

ಈಗ ಅವರ ದನಿ ಇಳಿದಿತ್ತು. "ಸಲಕ್ಕೊಂದು ನಮೂನೆ ಹೇಳ್ತಿದ್ದ. ಎಂಗೆ ನೆನಪಿಲ್ಲೆ, ಆನು ಮಂಗಳದ ಶ್ರುತಿ ನೋಡ್ತಾ ಇರ್ತಿ. ಕಡೆಗೆ ಮಾತ್ರ ಯಾವಾಗ್ಲೂ ನಿನ್ನ ಕುರ್ಚಿ ಕಡೆ ತಿರುಗಿ ಕೈ ಮುಗೀತಿದ್ದ. ನೀ ಅಲ್ಲಿ ಇರ್ತಿದ್ದಿಲ್ಲೆ."

ಫೋನಿಟ್ಟೆ. ಯಾವ ಕಡೆಗೆ ಮುಖ ತಿರುಗಿರುತ್ತದೆ ಎಂದು ಸಭೆಯಲ್ಲಿ ಎದೆಯುಬ್ಬಿಸಿ ಕೇಳಿದ್ದೆನಲ್ಲ, ಅದಕ್ಕೆ ಚೇಟ ಪ್ರತಿ ಸಲವೂ ಉತ್ತರ ಕೊಡುತ್ತಿದ್ದ. ಖಾಲಿ ಕುರ್ಚಿಗೆ ಕೊಡುತ್ತಿದ್ದ. ನಾನು ಹೊರಗೆ ನನ್ನನ್ನೇ ಹೊಗಳಿಸಿಕೊಳ್ಳುತ್ತಾ ನಿಂತಿರುತ್ತಿದ್ದೆ. ಹಳೆಯ ವಿಡಿಯೋಗಳನ್ನೆಲ್ಲ ಹುಡುಕಿದೆ. ಎಲ್ಲದರಲ್ಲೂ ಇರುವುದು ನನ್ನ ಮಾತು. ವೀಳ್ಯ ಕೊಟ್ಟು ನಾನು ಎದ್ದೊಡನೆ ವಿಡಿಯೋ ಮಾಡುವವನೂ ಮೊಬೈಲು ಜೇಬಿಗಿಟ್ಟು ನನ್ನ ಹಿಂದೆ ಬರುತ್ತಿದ್ದ.

ಆಪರೇಷನ್ ಆಯಿತು, ಜೀವಕ್ಕೆ ಅಪಾಯವಿಲ್ಲ ಎಂದು ತಿಳಿಯಿತು. ನಾನು ಆಸ್ಪತ್ರೆಗೆ ಹೋಗಲಿಲ್ಲ. ಕೋರ್ಟು, ಕೇಸು, ಹೆಂಡತಿಗೆ ಜ್ವರ, ನೆಪಕ್ಕೇನು ಬರ? ಮನೆಗೆ ಬಂದ ಎಂದು ಕೇಳಿದ ಮೇಲೂ ಹೋಗಲಿಲ್ಲ. "ನೀವೊಬ್ಬರು ಬಿಟ್ಟು ಊರೆಲ್ಲಾ ನೋಡ್ಕೊಂಡು ಬಂತು" ಎಂದು ನನ್ನ ಹೆಂಡತಿ ಚುಚ್ಚಿದಳು. ಅಂಗಡಿ ಮತ್ತೆ ತೆರೆದಿದ್ದಾನೆ ಎಂದು ಸುದ್ದಿ ಬಂದ ಮೇಲೆ, ಇನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ ಎಂದು ಒಂದು ಶನಿವಾರ ಬೆಳಿಗ್ಗೆ ಹೊಸನಗರಕ್ಕೆ ಹೊರಟೆ. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಳ್ಳೆಯ ಎಲೆ ಆರಿಸಿ ತೆಗೆದುಕೊಂಡೆ, ಅಡಿಕೆ ಇಟ್ಟು ಕಟ್ಟಿಸಿಕೊಂಡೆ.

ಚೇಟ ಬೆಂಚಿನ ಮುಂದೆ ಕೂತು ತಂತಿ ಸುತ್ತುತ್ತಿದ್ದ. ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿತ್ತು. ಮೈ ಇಳಿದು ಅರ್ಧ ಆಗಿದ್ದ. ನನ್ನನ್ನು ಕಂಡೊಡನೆ ಎದ್ದ, ಸ್ಟೂಲು ಒರೆಸಿ ನನ್ನ ಕಡೆ ತಳ್ಳಿದ. ಅಂಗಡಿಯ ಹಿಂದೆಯೇ ಮನೆ. ಅವನ ಹೆಂಡತಿ ಬಾಗಿಲಿಗೆ ಬಂದು, "ಬನ್ನಿ ಸಾರ್" ಎಂದರು, ಮುಖದಲ್ಲಿ ನಗುವಿರಲಿಲ್ಲ. ಕುತ್ತಿಗೆಗೆ ಹಿಡಿದು ಮಾತಾಡುವ ಮೆಷಿನ್ನು ಕೊಡಿಸಿದ್ದಾರಂತೆ. ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡಿದ ಹಾಗೆ ಕೇಳುತ್ತದೆ ಎಂದು ಅದನ್ನು ಡ್ರಾಯರಿನಲ್ಲಿ ಹಾಕಿಬಿಟ್ಟಿದ್ದಾನೆ, ನೀವಾದರೂ ಹೇಳಿ ಎಂದರು. ಹೇಳುವ ಯೋಗ್ಯತೆ ನನಗೆಲ್ಲಿದೆ? "ಯಾವಾಗ್ಲೂ ಜೇಬಲ್ಲಿ ಎಲೆ ತರ್ತಿದ್ರು ಸಾರ್. ಇಬ್ರೂ ಅರ್ಧರ್ಧ ಹಾಕ್ಕೋತಿದ್ವಿ. ಅವತ್ತು ತರ್ಲಿಲ್ಲ" ಎಂದು ಹೇಳಿ, ಟೀ ಮಾಡುತ್ತೇನೆಂದು ಒಳಗೆ ಹೋದರು.

ನಾನು ಶುರು ಮಾಡಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು. "ಚೇಟ, ನಂದು ತಪ್ಪಾಯ್ತು. ಆದ್ರೆ ನೋಡು, ಸಭೆ ಅಂದ್ಮೇಲೆ ಒಂದ್ ಕಾವು ಇರತ್ತೆ, ನಿಂಗೂ ಗೊತ್ತು, ಆ ಹಿರಿಯರು ಬೇರೆ ಎದುರಿಗೆ ಕೂತಿದ್ರು, ನೀನು ಮೊದಲ್ನೇ ಉತ್ತರ ಅಷ್ಟು ಚೆನ್ನಾಗಿ ಕೊಟ್ಟಿದ್ದಕ್ಕೇ ನಂಗೆ..." ತಪ್ಪೊಪ್ಪಿಗೆ ಎಂದು ಎತ್ತಿಕೊಂಡದ್ದು ವಕಾಲತ್ತಾಗಿ ಹೋಗುತ್ತಿತ್ತು. ನನಗೇ ಅದು ಕೇಳಿಸುತ್ತಿತ್ತು, ಆದರೂ ನಿಲ್ಲುತ್ತಿಲ್ಲ.

ಚೇಟ ಸ್ಪ್ಯಾನರು ತೆಗೆದುಕೊಂಡು ಮೋಟಾರಿನ ಕಬ್ಬಿಣಕ್ಕೆ ತಟ್ಟಿದ. ಟಣ್, ಟಣ್. ಭಾಗವತರ ತಾಳ. ಅರ್ಥ ಸಾಕು, ಮುಂದಿನ ಪದ ಎಂದು.

ಈ ಸಲ ಬಾಯಿ ಮುಚ್ಚಿದೆ. ಪೊಟ್ಟಣ ಬಿಚ್ಚಿ ಎಲೆ ಅಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ. "ನೀನು ನಮ್ಮವನು" ಅನ್ನಬೇಕಿತ್ತು. ಅವನ ಕುತ್ತಿಗೆಯ ಬಟ್ಟೆ ನೋಡುತ್ತಾ ಅದನ್ನು ಹೇಳಲಾಗಲಿಲ್ಲ. ಅವನು ಎಣ್ಣೆಗೈ ಪ್ಯಾಂಟಿಗೆ ಒರೆಸಿಕೊಂಡು ಎಲೆ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ. ಅಂಗಿ ಜೇಬಿಗೆ ಹಾಕಿದ.

ನಾನು ಎದ್ದೆ, ಹಳೆಯ ಚಾಳಿ. ಅವನು ಬಲಗೈ ಎತ್ತಿ ತಡೆದ, ಕೂರು ಎಂದು. ಕೂತೆ.

ಚೇಟ ಬೆನ್ನು ನೆಟ್ಟಗೆ ಮಾಡಿದ. ಅವನ ತುಟಿ ಅಲ್ಲಾಡತೊಡಗಿತು. ಮೊದಲು ನನಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಅವನು ಘಾಟಿಯಲ್ಲಿ ಬಿದ್ದಿದ್ದ. ಕೈ ಒಮ್ಮೆ ಕುದುರೆಯ ಕುತ್ತಿಗೆ ಸವರಿತು, ಒಮ್ಮೆ ದೂರದ ಕಡಲು ತೋರಿಸಿತು. ಹುಬ್ಬು ಗಂಟಿಕ್ಕಿತು, ಸಡಿಲಾಯಿತು. ಎಲ್ಲೋ ಒಂದು ಕಡೆ ಸ್ವಲ್ಪ ನಕ್ಕ. ಬಟ್ಟೆಯ ಹಿಂದಿನಿಂದ ಉಸಿರು ಸುಯ್ ಸುಯ್ ಎನ್ನುತ್ತಿತ್ತು, ಅಷ್ಟೇ. ನಾನು ಅವನ ತುಟಿಯನ್ನೇ ನೋಡಿದೆ. ಒಂದು ಪದವಾದರೂ ಹಿಡಿಯೋಣ ಎಂದು ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದೆ. ಒಮ್ಮೆಯಾದರೂ ಮೊದಲು ಕೇಳಿದ್ದರೆ ಗೊತ್ತಾಗುತ್ತಿತ್ತೇನೋ. ಒಂದಕ್ಷರ ಸಿಗಲಿಲ್ಲ. ಕೊನೆಗೆ ಅವನು ನನ್ನ ಸ್ಟೂಲಿನ ಕಡೆ ಪೂರ್ತಿ ತಿರುಗಿ ಕೈ ಮುಗಿದ.

ನನಗೆ ಅಳು ಬಂತು. ಜೇಬಿನಿಂದ ಪೆನ್ನು ತೆಗೆದು, ಬಿಲ್ ಪುಸ್ತಕದ ಮೇಲಿಟ್ಟು, "ಬರ್ದು ಕೊಡು ಮಾರಾಯ, ಏನ್ ಹೇಳ್ದೆ ಅಂತ ಬರ್ದು ಕೊಡು" ಎಂದು ಬೇಡಿದೆ. ಚೇಟ ಎರಡೂ ಕೈಯಲ್ಲಿ ಕಾಗದ ಹರಿಯುವ ಹಾಗೆ ಮಾಡಿ ತೋರಿಸಿ, ಹೆಗಲು ಕುಣಿಸಿ ಸದ್ದಿಲ್ಲದೆ ನಕ್ಕ. ಕೋಪವಿರಲಿಲ್ಲ ಅವನಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಅವನ ಹೆಂಡತಿ ಟೀ ತಂದರು. ಬಾಗಿಲಲ್ಲೇ ನಿಂತು ನೋಡಿದ್ದರೆಂದು ಕಾಣುತ್ತದೆ, ಕಣ್ಣು ಒದ್ದೆಯಾಗಿತ್ತು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಅದೇ ಅಲ್ವಾ ಸಾರ್? ಆ ಕೊನೇ ಮಾತು?" ಎಂದರು. "ಏನ್ ಹೇಳಿದ್ರು? ನಂಗ್ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಿರತ್ತಲ್ಲ, ಇಷ್ಟು ವರ್ಷ ಪಕ್ಕದಲ್ಲೇ ಕೂತು ಕೇಳಿದೀರಿ. ನೀವೇ ಹೇಳಿ ಸಾರ್, ನಿಮ್ ಬಾಯಲ್ಲಾದ್ರೂ ಕೇಳ್ತೀನಿ."

ಚೇಟ ತಲೆ ತಗ್ಗಿಸಿ ತಂತಿ ಕೈಗೆತ್ತಿಕೊಂಡ. ಏನಾದರೂ ಕಟ್ಟಿ ಹೇಳಿಬಿಡಬಹುದಿತ್ತು. ಘಾಟಿ, ಮಳೆ, ಸ್ವಾಮಿನಿಷ್ಠೆ, ಎಷ್ಟು ಬೇಕಾದರೂ ನನ್ನ ಬಾಯಿಂದ ಉದುರುತ್ತಿತ್ತು, ಅವರು ನಂಬುತ್ತಲೂ ಇದ್ದರು.

"ನಾನು ಒಂದ್ಸಲಾನೂ ಕೇಳ್ಲಿಲ್ಲಮ್ಮ" ಎಂದೆ. "ಆ ಹೊತ್ತಿಗೆ ಟೀಗೆ ಎದ್ದು ಹೋಗ್ತಿದ್ದೆ."

ಅವರು ಕೈಯಲ್ಲಿದ್ದ ಟೀ ಲೋಟವನ್ನು ನನ್ನ ಮುಂದೆ ಇಟ್ಟು ಒಳಗೆ ಹೋದರು.